ಕಪ್ಪೆ, ಒಂಟೆ, ಆನೆ: ಮಕ್ಕಳ ಯೋಗ ಮೈಸೂರಿಂದ ಮದ್ರಾಸಿಗೆ ಬಂದ ದಾರಿ

ಇವತ್ತಿನ ಮಾತು ಚೆನ್ನೈಯಲ್ಲಿ ಮಕ್ಕಳನ್ನು ಬೆಳೆಸ್ತಾ ಇರೋ ಕನ್ನಡದ ಅಪ್ಪ-ಅಮ್ಮಂದಿರಿಗೆ. ಕೀಲ್ಪಾಕ್ ಕಡೆ ಅಪಾರ್ಟ್‌ಮೆಂಟಲ್ಲಿ ಇರೋರಿಗೆ ಮಕ್ಕಳ ಯೋಗ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಐದಾರು ವರ್ಷದ ಮಕ್ಕಳು ಕಪ್ಪೆ ಥರ ಕೂರೋದು, ಸಿಂಹದ ಥರ ನಾಲಿಗೆ ಚಾಚೋದು, ಹಾವಿನ ಥರ ಎದೆ ಎತ್ತೋದು. ನೋಡಿದ ಅಜ್ಜಿ-ತಾತ ಕೇಳೋ ಪ್ರಶ್ನೆ ಒಂದೇ: "ಇದು ಯೋಗನಾ, ಆಟನಾ?" ಇದಕ್ಕೆ ಉತ್ತರ ಇತಿಹಾಸದಲ್ಲೇ ಇದೆ, ಅದೂ ನಮ್ಮ ಮೈಸೂರಿನ ಇತಿಹಾಸದಲ್ಲಿ.

ಮೊದಲು ಹೆಸರುಗಳನ್ನು ನೋಡೋಣ. 15ನೇ ಶತಮಾನದ ಹಠಯೋಗಪ್ರದೀಪಿಕೆ ವಿವರಿಸೋದು 15 ಆಸನ. ಅದರಲ್ಲೇ ಆಮೆ, ಹುಂಜ, ನವಿಲು, ಸಿಂಹ ಇವೆ. ಅದಾದ ಮೇಲಿನ ಘೇರಂಡ ಸಂಹಿತೆಯಲ್ಲಿ 32 ಆಸನ. ಅಲ್ಲಿ ಮಂಡೂಕ ಅಂದ್ರೆ ಕಪ್ಪೆ, ಶಲಭ ಅಂದ್ರೆ ಮಿಡತೆ, ಉಷ್ಟ್ರ ಅಂದ್ರೆ ಒಂಟೆ, ಜೊತೆಗೆ ಮೊಸಳೆ, ಹಾವು, ಗರುಡ. ಜಗತ್ತಲ್ಲಿ ಎಷ್ಟು ಜೀವಜಾತಿಗಳಿವೆಯೋ ಅಷ್ಟು ಆಸನಗಳಿವೆ ಅಂತಲೇ ಆ ಗ್ರಂಥ ಆಸನಗಳ ಮಾತು ಶುರು ಮಾಡುತ್ತೆ.

ಮೈಸೂರಿಗೆ ಬಂದ್ರೆ, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಬಣ್ಣದ ಚಿತ್ರಗಳಿವೆ. ಅವು ಇರೋ ಭಾಗದ ಹೆಸರು ಕೌತುಕನಿಧಿ. ಕೌತುಕ ಅಂದ್ರೆ ಬೆರಗು, ಕುತೂಹಲ. ಮಕ್ಕಳ ಕ್ಲಾಸಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ?

ಇನ್ನೊಂದು ಸ್ವಾರಸ್ಯ ಇದೆ. ಈ ಹೆಸರುಗಳು ಕಲ್ಲಿನಲ್ಲಿ ಕೆತ್ತಿದವಲ್ಲ. ಘೇರಂಡ ಸಂಹಿತೆಯ ಉಷ್ಟ್ರಾಸನವನ್ನು ಬೋರಲು ಮಲಗಿ ಕಾಲು ಹಿಡಿದು ಮಾಡಬೇಕು. ಇವತ್ತಿನ ಉಷ್ಟ್ರಾಸನ ಮಂಡಿಯೂರಿ ಹಿಂದಕ್ಕೆ ಬಾಗೋದು. ಇವತ್ತು ನಾಯಿಯ ಹೆಸರಲ್ಲಿ ಕರೆಯೋ ಅಧೋಮುಖ ಶ್ವಾನಾಸನವನ್ನೇ ಹೋಲುವ ಅಭ್ಯಾಸಕ್ಕೆ ಹಠಾಭ್ಯಾಸಪದ್ಧತಿ ಅನ್ನೋ ಗ್ರಂಥ ಇಟ್ಟ ಹೆಸರು ಗಜಾಸನ. ಒಬ್ಬರ ಕಣ್ಣಿಗೆ ಆನೆ, ಇನ್ನೊಬ್ಬರ ಕಣ್ಣಿಗೆ ನಾಯಿ! ಪ್ರಾಣಿಯನ್ನು ನೋಡಿ, ಮೈಯಲ್ಲಿ ಅದನ್ನು ಹುಡುಕಿ, ಹೆಸರಿಡೋ ಈ ಕೆಲಸವನ್ನೇ ನಿಮ್ಮ ಮಗು ಹಾಲ್‌ನಲ್ಲಿ ಮಾಡ್ತಾ ಇರೋದು.

ಈಗ ಮೈಸೂರಿಂದ ಮದ್ರಾಸಿಗೆ ಬರೋಣ. ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದವರು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅಲ್ಲಿ ಕಲಿತವರಲ್ಲಿ ಹುಡುಗರೇ ಹೆಚ್ಚು. 1934ರ ಅವರ ಯೋಗಮಕರಂದ ಬಂದದ್ದು ಕನ್ನಡದಲ್ಲಿ. 1941ರ ಯೋಗಾಸನಗಳು ಕೂಡ ಕನ್ನಡದ್ದೇ. ಸಂಸ್ಥಾನದ ಕಾಲ ಮುಗಿದ ಮೇಲೆ, 1950ರಲ್ಲಿ ಯೋಗಶಾಲೆ ಬಾಗಿಲು ಹಾಕಿತು. 1952ರಲ್ಲಿ, ಅರವತ್ತು ದಾಟಿದ ವಯಸ್ಸಲ್ಲಿ, ಅವರು ಮದ್ರಾಸಿಗೆ ಬಂದರು. ನಾವೆಲ್ಲ ಹತ್ತಿದ ರೈಲನ್ನು ಅವರು ನಮಗಿಂತ ಮುಂಚೆನೇ ಹತ್ತಿದ್ರು ಅನ್ನಿ. 1989ರಲ್ಲಿ ತೀರಿಕೊಳ್ಳೋವರೆಗೂ ಇದೇ ಊರಲ್ಲಿದ್ದರು.

ಅವರ ಪರಂಪರೆಯಲ್ಲಿ ವಯಸ್ಸಿಗೆ ತಕ್ಕ ಅಭ್ಯಾಸ ಅನ್ನೋದು ಮುಖ್ಯ. ಬೆಳೆಯೋ ವಯಸ್ಸಿನ ಕ್ರಮಕ್ಕೆ ಸೃಷ್ಟಿಕ್ರಮ ಅಂತಾರೆ. ಮಕ್ಕಳಿಗೆ ಒಂದೇ ಭಂಗಿಯಲ್ಲಿ ಹೊತ್ತುಗಟ್ಟಲೆ ಕೂರೋ ಶಿಕ್ಷೆ ಬೇಡ. ಜಿಗಿತ, ಬದಲಾವಣೆ, ವೈವಿಧ್ಯ ಇರಲಿ ಅನ್ನೋದು ಅದರ ತಿರುಳು.

ಆದ್ರೆ ಇದೇ ಮೈಸೂರಿನ ಕಥೆಗೆ ಇನ್ನೊಂದು ಮುಖ ಇದೆ, ಅದನ್ನು ಮುಚ್ಚಿಡಬಾರದು. ಬಿ.ಕೆ.ಎಸ್. ಅಯ್ಯಂಗಾರ್ ಹದಿಹರೆಯದಲ್ಲಿ ಗುರುಗಳ ಮಾತಿಗೆ ಅತಿಥಿಗಳ ಮುಂದೆ ಹನುಮಾನಾಸನ ಮಾಡೋಕೆ ಹೋಗಿ ತೊಡೆಯ ಹಿಂದಿನ ಸ್ನಾಯು ಹರಿದುಕೊಂಡರು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಕೃಷ್ಣಮಾಚಾರ್ಯರ ಮಗ ದೇಶಿಕಾಚಾರ್ ಚಿಕ್ಕವರಿದ್ದಾಗ ಯೋಗ ಅಂದ್ರೆ ಮರ ಹತ್ತಿ ತಪ್ಪಿಸಿಕೊಳ್ತಿದ್ರಂತೆ. ಒಮ್ಮೆ ಅಪ್ಪ ಹಿಡಿದು, ಪದ್ಮಾಸನದಲ್ಲಿ ಕೈಕಾಲು ಕಟ್ಟಿ ಕೂರಿಸಿದ್ರಂತೆ. ಆ ಹುಡುಗ ಮುಂದೆ ಇಂಜಿನಿಯರ್ ಆದ. ಯೋಗಕ್ಕೆ ಮರಳಿದ್ದು 1960ರ ದಶಕದ ಆರಂಭದಲ್ಲಿ, ತನ್ನ ಇಷ್ಟದಿಂದ. 1976ರಲ್ಲಿ ಇದೇ ಚೆನ್ನೈಯಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಶುರು ಮಾಡಿದ್ದು ಅವರೇ. ಯೋಗವನ್ನು ಮನುಷ್ಯನಿಗೆ ಹೊಂದಿಸಬೇಕು, ಮನುಷ್ಯನನ್ನು ಯೋಗಕ್ಕಲ್ಲ ಅನ್ನೋದು ಅವರ ಪಾಠದ ಸಾರ. ಕಟ್ಟಿ ಕೂರಿಸಿದ್ದು ಆ ಹುಡುಗನನ್ನು ಯೋಗಕ್ಕೆ ತರಲಿಲ್ಲ ಅನ್ನೋದನ್ನು ನಾವು ಮರೆಯಬಾರದು.

ಹಾಗಾಗಿ ಮನೆಯಲ್ಲಿ ಏನು ಮಾಡಬಹುದು? ಕಪ್ಪೆಯ ಥರ ಕುಕ್ಕುರುಗಾಲಲ್ಲಿ ಕೂತು ಜಿಗಿದರೆ ಕಾಲಿಗೆ ಬಲ. ಆನೆಯ ಥರ ಕೈಕಾಲೂರಿ ನಡೆದರೆ ಭುಜಕ್ಕೆ, ಕೈಗೆ ಕೆಲಸ. ಒಂಟಿ ಕಾಲಲ್ಲಿ ಕೊಕ್ಕರೆ ನಿಂತರೆ ಸಮತೋಲ. ಸಿಂಹ ಗರ್ಜಿಸಿದರೆ ಉದ್ದನೆಯ ಉಸಿರು, ಜೊತೆಗೆ ನಗು. ಆಮೆ ಚಿಪ್ಪಿನೊಳಗೆ ಹೋದರೆ ಗಲಾಟೆಯ ಮಗುವೂ ಅರೆಗಳಿಗೆ ಸುಮ್ಮನಾಗುತ್ತೆ. ಹತ್ತು ನಿಮಿಷ ಸಾಕು. ನವಿಲು, ಹುಂಜ ಬೇಡ. ಮಣಿಕಟ್ಟಿನ ಮೇಲೆ ಇಡೀ ಮೈಭಾರ ಬೀಳುತ್ತೆ. ಬೆನ್ನು ಒತ್ತೋದು, ಕಾಲು ಎಳೆಯೋದು ಬೇಡವೇ ಬೇಡ. ನೆಂಟರು ಬಂದಾಗ "ಮಾಡಿ ತೋರಿಸು ಪುಟ್ಟ" ಅನ್ನೋದನ್ನೂ ಬಿಡಿ. ಅಯ್ಯಂಗಾರ್‌ಗೆ ಪೆಟ್ಟಾಗಿದ್ದು ಅಂಥ ಪ್ರದರ್ಶನದಲ್ಲೇ.

ಕೊನೆಗೆ ಒಂದು ಕೋರಿಕೆ. ಕ್ಲಾಸಲ್ಲಿ ಮಗು ಫ್ರಾಗ್ ಅನ್ನಲಿ, ಗೆಳೆಯರ ಜೊತೆ ತವಳೈ ಅನ್ನಲಿ, ಎರಡೂ ಬೇಕು. ಮನೆಗೆ ಬಂದ ಮೇಲೆ ಕಪ್ಪೆ, ಮಿಡತೆ, ಕೊಕ್ಕರೆ ಅನ್ನೋ ಮಾತು ಕಿವಿಗೆ ಬೀಳಲಿ. ಮೈಯಲ್ಲಿ ಮಾಡಿ ಕಲಿತ ಪದ ಬೇಗ ಮರೆಯಲ್ಲ. ಅಜ್ಜಿ ಮತ್ತೆ "ಇದು ಯೋಗನಾ, ಆಟನಾ?" ಅಂದ್ರೆ, ಮಗು ಬೆಳೆಯೋವರೆಗೆ ಎರಡೂ ಒಂದೇ ಅಜ್ಜಿ ಅನ್ನಿ. ಆಮೇಲೆ ಅಜ್ಜಿಗೆ ಗೊತ್ತಿರೋ ಇನ್ನೊಂದು ಪ್ರಾಣಿ ಯಾವುದು ಅಂತ ಕೇಳಿ, ಮಗು ಮಾಡಿ ತೋರಿಸುತ್ತೋ ಇಲ್ವೋ ಅದಕ್ಕೇ ಬಿಡಿ.