'ಸರ್ವರ್ ಡೌನ್ ಐತ್ರಿ': ಒಂದು ಸರ್ವರ್, ಇಪ್ಪತ್ತು ಪರದೆಯ ಲ್ಯಾಬ್ ಕಟ್ಟೋದು ಹೇಗೆ? ಅದರ ಕೀಲಿ ಯಾರ ಕೈಲಿರಬೇಕು?

'ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ.' ಬಾಗಲಕೋಟೆ ಕಡೆ ಪಹಣಿಗೋ, ರೇಷನ್ನಿಗೋ, ಜಾತಿ-ಆದಾಯ ಪ್ರಮಾಣಪತ್ರಕ್ಕೋ ಸಾಲಿನಲ್ಲಿ ನಿಂತವರಿಗೆ ಈ ಮಾತು ಹೊಸದಲ್ಲ. ಎಲ್ಲೋ ಇರುವ ಯಂತ್ರವೊಂದು ನಿಂತರೆ, ಇಲ್ಲಿ ಕೂಲಿ ಬಿಟ್ಟು ಬಂದವರ ಒಂದು ದಿನ ಹೋಗುತ್ತದೆ. ಹಾಗಾಗಿ ಸರ್ವರ್ ಎಲ್ಲಿರಬೇಕು, ಯಾರ ಕೈಲಿರಬೇಕು ಅನ್ನೋದು ಬರೀ ತಾಂತ್ರಿಕ ಪ್ರಶ್ನೆ ಅಲ್ಲ.

ಈ ಪ್ರಶ್ನೆ ಈಗ ಶಾಲೆ, ಗ್ರಂಥಾಲಯಗಳ ಬಾಗಿಲಿಗೂ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರುಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಹಾಕಲು ಬರೋದಿಲ್ಲ. ಅವನ್ನೆಲ್ಲ ಗುಜರಿಗೆ ಹಾಕಬೇಕಾ? ಬೇಕಿಲ್ಲ. ಅವನ್ನೇ ಥಿನ್ ಕ್ಲೈಂಟ್ ಮಾಡಿಕೊಳ್ಳಬಹುದು.

ಏನಿದು ಥಿನ್ ಕ್ಲೈಂಟ್?

ಲೆಕ್ಕ ಮಾಡುವ ಕೆಲಸವೆಲ್ಲ ಒಂದು ದೊಡ್ಡ ಯಂತ್ರದ್ದು, ಅಂದರೆ ಸರ್ವರಿನದ್ದು. ನಿಮ್ಮೆದುರಿನ ಪುಟ್ಟ ಪೆಟ್ಟಿಗೆ ಕೀಲಿಮಣೆ, ಮೌಸ್‌ನ ಒತ್ತುಗಳನ್ನು ಅದಕ್ಕೆ ಕಳಿಸುತ್ತದೆ, ಅದು ಕಳಿಸಿದ ಚಿತ್ರವನ್ನು ತೆರೆಯ ಮೇಲೆ ತೋರಿಸುತ್ತದೆ, ಅಷ್ಟೇ. ಒಬ್ಬೊಬ್ಬರಿಗೂ ಸರ್ವರಿನೊಳಗೆ ಪ್ರತ್ಯೇಕ 'ಸೆಷನ್' ಇರುತ್ತದೆ. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣೋದಿಲ್ಲ. ವಿಂಡೋಸ್‌ನಲ್ಲಿ ಈ ವ್ಯವಸ್ಥೆಗೆ ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್, ಅಂದರೆ ಆರ್‌ಡಿಎಸ್ ಎಂದು ಹೆಸರು. ಮಾತುಕತೆಯ ಭಾಷೆ ಆರ್‌ಡಿಪಿ.

ಇದೇನೂ ಹೊಸದಲ್ಲ. ಮೈಕ್ರೋಸಾಫ್ಟ್ 1998ರಲ್ಲೇ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿ ತಂದಿತ್ತು. ಪಕ್ಕದ ಆಂಧ್ರದಲ್ಲಿ 2008ರ ಹೊತ್ತಿಗೆ ಐದು ಸಾವಿರ ಸರ್ಕಾರಿ ಶಾಲೆಗಳಿಗೆ ಎನ್‌ಕಂಪ್ಯೂಟಿಂಗ್ ಕಂಪನಿಯ ಇಂಥದೇ ಹಂಚಿಕೆ ಯಂತ್ರಗಳನ್ನು ಆರಿಸಲಾಗಿತ್ತು. ನಮ್ಮಲ್ಲಿ 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಕಂಪ್ಯೂಟರ್ ಊರೂರಿನ ವಿಷಯವಾಗಿದೆ.

ತುಳಸಿಗೇರಿಯಲ್ಲಿ 20 ಸೀಟು ಅಂದುಕೊಳ್ಳಿ

ಹನುಮಪ್ಪನ ಗುಡಿಯಿಂದ ಹೆಸರಾದ ತುಳಸಿಗೇರಿಯಂಥ ಊರಲ್ಲಿ 20 ಸೀಟಿನ ಲ್ಯಾಬ್ ಬೇಕು ಅಂತಿಟ್ಟುಕೊಳ್ಳಿ. ಬ್ರೌಸರ್, ಲಿಬ್ರೆ ಆಫೀಸ್ ಬಳಸುವವರಿಗೆ ತಲಾ 2 ಜಿಬಿ ಮೆಮೊರಿ ಹಿಡಿಯಿರಿ. ಸರ್ವರಿನ ಸ್ವಂತ ಬಳಕೆಯೂ ಸೇರಿ 48 ಜಿಬಿ ಆಗುತ್ತದೆ, 64 ಇದ್ದರೆ ನಿರಾಳ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲಿ. ಸರ್ವರಿನಿಂದ ಸ್ವಿಚ್ಚಿಗೆ ಗಿಗಾಬಿಟ್ ತಂತಿ ಎಳೆಯಿರಿ. ವೈ-ಫೈ ನಂಬಬೇಡಿ.

ಹಳೆಯ ಪಿಸಿಗಳಿಗೆ ಹಗುರ ಲಿನಕ್ಸ್ ಹಾಕಿ, ರೆಮ್ಮಿನಾದಂಥ ಆರ್‌ಡಿಪಿ ತಂತ್ರಾಂಶ ಕೊಟ್ಟರೆ ಅವೇ ಥಿನ್ ಕ್ಲೈಂಟ್. ಒಂದು ಮಿತಿ ಮಾತ್ರ ನೆನಪಿರಲಿ: 20 ಮಂದಿ ಒಟ್ಟಿಗೆ ವಿಡಿಯೋ ನೋಡಲು ಇದು ಹೇಳಿ ಮಾಡಿಸಿದ್ದಲ್ಲ.

ಹೊಂದಿಸುವ ಕ್ರಮ

1. ವಿಂಡೋಸ್ ಸರ್ವರಿನಲ್ಲಿ 'ಸೆಷನ್ ಹೋಸ್ಟ್' ಮತ್ತು 'ಲೈಸೆನ್ಸಿಂಗ್' ಎಂಬ ಎರಡು ಪಾತ್ರಗಳನ್ನು ಹಾಕಿ. ಹಲವು ಸರ್ವರ್ ಇದ್ದರೆ 'ಕನೆಕ್ಷನ್ ಬ್ರೋಕರ್' ಬೇಕು. ಒಂದೇ ಇದ್ದರೆ, ಡೊಮೈನ್ ಇಲ್ಲದೆಯೂ, ಈ ಎರಡರಲ್ಲೇ ಕೆಲಸ ನಡೆಯುತ್ತದೆ.

2. ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ ಮಾಡಿ, 'ರಿಮೋಟ್ ಡೆಸ್ಕ್‌ಟಾಪ್ ಯೂಸರ್ಸ್' ಗುಂಪಿಗೆ ಸೇರಿಸಿ. ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅದೂ ಗೋಡೆ ಮೇಲೆ ಬರೆದಿಡೋದು ಬೇಡ.

3. ತಂತ್ರಾಂಶಗಳನ್ನು ಸೆಷನ್ ಹೋಸ್ಟ್ ಪಾತ್ರ ಹಾಕಿದ ನಂತರವೇ ಸ್ಥಾಪಿಸಿ. ಮೊದಲು 'ಚೇಂಜ್ ಯೂಸರ್' ಆಜ್ಞೆಯಿಂದ ಇನ್‌ಸ್ಟಾಲ್ ಸ್ಥಿತಿಗೆ ಹೋಗಿ, ಮುಗಿದ ಮೇಲೆ ಎಕ್ಸಿಕ್ಯೂಟ್ ಸ್ಥಿತಿಗೆ ಮರಳಿ.

4. ಗ್ರೂಪ್ ಪಾಲಿಸಿಯಲ್ಲಿ ಒಬ್ಬರಿಗೆ ಒಂದೇ ಸೆಷನ್ ಎಂದು ಕಟ್ಟುಮಾಡಿ. ಸಂಪರ್ಕ ಕಡಿದ ಸೆಷನ್ ಎಷ್ಟು ಹೊತ್ತು ಉಳಿಯಬೇಕು ಅನ್ನೋದನ್ನೂ ಅಲ್ಲೇ ನಿಗದಿ ಮಾಡಿ.

ಕೊನೆಯದು ನಮ್ಮ ಕಡೆಯವರಿಗೆ ಬಹಳ ಮುಖ್ಯ. ಸರ್ವರಿಗೊಂದು ಯುಪಿಎಸ್ ಇದ್ದರೆ, ಕರೆಂಟ್ ಹೋಗಿ ಪರದೆಗಳೆಲ್ಲ ಆರಿದರೂ ಸೆಷನ್ ಸರ್ವರಿನಲ್ಲಿ ಜೀವಂತ ಇರುತ್ತದೆ. ಕರೆಂಟ್ ಬಂದು ಮತ್ತೆ ಲಾಗಿನ್ ಆದರೆ ಅರ್ಧ ಬರೆದ ಅರ್ಜಿ ಹಾಗೇ ಕಾಯುತ್ತಿರುತ್ತದೆ. ಆ ಅವಧಿಯನ್ನು ಐದು ನಿಮಿಷಕ್ಕೆ ಇಟ್ಟರೆ ಈ ಲಾಭವೇ ಹೋಯಿತು. ಯುಪಿಎಸ್ ತಾಳುವಷ್ಟು ಹೊತ್ತು ಇಡಿ.

120 ದಿನಗಳ ಬಲೆ

ಲ್ಯಾಬ್ ಉದ್ಘಾಟನೆ ಆಗುತ್ತದೆ, ಫೋಟೋ ಬರುತ್ತದೆ, ನಾಲ್ಕು ತಿಂಗಳಿಗೆ ಎಲ್ಲ ಪರದೆಯೂ ಬಂದ್! ಆರ್‌ಡಿಎಸ್‌ಗೆ ಲೈಸೆನ್ಸ್ ಇಲ್ಲದೆ ನಡೆಯುವ ರಿಯಾಯಿತಿ ಅವಧಿ 120 ದಿನ ಮಾತ್ರ. ಆಮೇಲೆ ಸಾಮಾನ್ಯ ಬಳಕೆದಾರರಿಗೆ ಸಂಪರ್ಕ ಸಿಗೋದಿಲ್ಲ. ವಿಂಡೋಸ್ ಸರ್ವರಿನ ಮಾಮೂಲಿ ಕ್ಯಾಲ್ ಲೈಸೆನ್ಸ್ ಒಂದು ಕಡೆ, ಅದರ ಮೇಲೆ ಆರ್‌ಡಿಎಸ್ ಕ್ಯಾಲ್ ಬೇರೆ, ಎರಡೂ ಬೇಕು. ಪಾಳಿ ಮೇಲೆ ನೂರಾರು ಮಕ್ಕಳು ಕೂರುವ ಲ್ಯಾಬಿಗೆ 'ಪ್ರತಿ ಬಳಕೆದಾರ'ಕ್ಕಿಂತ 'ಪ್ರತಿ ಸಾಧನ' ಲೈಸೆನ್ಸೇ ಅಗ್ಗ: 20 ಸೀಟಿಗೆ 20. ಡೊಮೈನ್ ಇಲ್ಲದ ಕಡೆ ಸರಿಹೊಂದುವುದೂ ಇದೇ.

ಟೆಂಡರಿನಲ್ಲಿ ಈ ಸಾಲು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಸ್ವತಂತ್ರ ತಂತ್ರಾಂಶದ ದಾರಿ ಇದೆ. ಲಿನಕ್ಸ್ ಸರ್ವರ್, ಅದರ ಮೇಲೆ ಎಕ್ಸ್‌ಆರ್‌ಡಿಪಿ ಹಾಕಿದರೆ ತಲೆಗಿಷ್ಟು ಎಂಬ ಲೈಸೆನ್ಸ್ ಶುಲ್ಕವೇ ಇಲ್ಲ. ಶಾಲೆಗಳಲ್ಲಿ ಬಳಕೆಯಾಗುವ ಎಲ್‌ಟಿಎಸ್‌ಪಿ ಯೋಜನೆಗೆ ಕಾಲು ಶತಮಾನ ದಾಟಿದೆ. ಆದರೆ ಅದನ್ನು ನೋಡಿಕೊಳ್ಳುವ ಕೈಗೆ ಸಂಬಳ ಬೇಕು. ಉಚಿತ ಅಂದರೆ ಖರ್ಚೇ ಇಲ್ಲ ಅಂತಲ್ಲ.

ಕನ್ನಡ ಸರ್ವರಿನಲ್ಲಿರಲಿ

ಅಕ್ಷರ ಮೂಡುವುದು ಸರ್ವರಿನಲ್ಲಿ. ಆದ್ದರಿಂದ ಯೂನಿಕೋಡ್ ಫಾಂಟು, ಕೀಲಿಮಣೆ ವಿನ್ಯಾಸ, ನುಡಿಯಂಥ ತಂತ್ರಾಂಶ ಎಲ್ಲವೂ ಅಲ್ಲೇ ಇರಬೇಕು. ಒಂದು ಸಲ ಅಲ್ಲಿ ಹಾಕಿದರೆ 20 ಪರದೆಗೂ ಬಂತು. ಹಾಕದಿದ್ದರೆ 20 ಪರದೆಗೂ ಇಲ್ಲ. ಹಳೆಯ ನುಡಿ ಫಾಂಟಿನ ಕಡತ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಗಾಬರಿ ಬೇಡ, ಸರ್ವರಿನಲ್ಲಿ ಆ ಫಾಂಟ್ ಇಲ್ಲ ಅಂತಷ್ಟೇ ಅರ್ಥ.

ಬಾಗಿಲು ಮತ್ತು ಕಿಟಕಿ

ಆರ್‌ಡಿಪಿಯ ಬಾಗಿಲು 3389 ಎಂಬ ಪೋರ್ಟ್. ಅದನ್ನು ಇಂಟರ್ನೆಟ್ಟಿಗೆ ನೇರ ತೆರೆಯಲೇಬೇಡಿ. 2019ರಲ್ಲಿ ಬಯಲಾದ 'ಬ್ಲೂಕೀಪ್' ದೋಷದಿಂದ ಹಳೆಯ ವಿಂಡೋಸ್ ಯಂತ್ರಗಳಿಗೆ ಪಾಸ್‌ವರ್ಡ್ ಇಲ್ಲದೆಯೇ ನುಗ್ಗಬಹುದಿತ್ತು. ಹೊರಗಿನಿಂದ ಬರಲೇಬೇಕಿದ್ದರೆ ವಿಪಿಎನ್ ಅಥವಾ ಆರ್‌ಡಿ ಗೇಟ್‌ವೇ ಬಳಸಿ. ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ ಆನ್ ಇರಲಿ.

ಬಾಗಿಲ ಮಾತು ಎಲ್ಲರೂ ಆಡುತ್ತಾರೆ, ಕಿಟಕಿಯ ಮಾತು ಕಡಿಮೆ. ಆರ್‌ಡಿಎಸ್‌ನಲ್ಲಿ 'ಶ್ಯಾಡೋ' ಎಂಬ ಸೌಲಭ್ಯವಿದೆ. ಆಡಳಿತಗಾರ ನಿಮ್ಮ ಪರದೆಯನ್ನು ತನ್ನ ಜಾಗದಿಂದಲೇ ನೋಡಬಹುದು. ಗ್ರೂಪ್ ಪಾಲಿಸಿಯ ಒಂದು ಆಯ್ಕೆ ಬದಲಿಸಿದರೆ ನಿಮ್ಮ ಅನುಮತಿಯನ್ನೂ ಕೇಳಬೇಕಿಲ್ಲ. ಪಾಠ ಹೇಳಿಕೊಡಲು ಇದು ಒಳ್ಳೆಯದೇ. ಆದರೆ ಹುಡುಗಿಯೊಬ್ಬಳು ತನ್ನ ಆರೋಗ್ಯದ ಬಗ್ಗೆ ಹುಡುಕುವಾಗ, ಯುವಕನೊಬ್ಬ ಪಂಚಾಯತಿಯ ವಿರುದ್ಧವೇ ಮಾಹಿತಿ ಹಕ್ಕು ಅರ್ಜಿ ಬರೆಯುವಾಗ? 'ಅನುಮತಿ ಪಡೆದೇ ನೋಡಬೇಕು' ಎಂಬ ಆಯ್ಕೆಯನ್ನೇ ಇಡಿ, ಹಾಗೆಂದು ಬರೆದು ಬಾಗಿಲಿಗೆ ಅಂಟಿಸಿ.

ಕೊನೆಗೆ, ಸರ್ವರ್ ಎಲ್ಲಿ?

ಸರ್ವರ್ ಊರಲ್ಲೇ ಇದ್ದರೆ ಇಂಟರ್ನೆಟ್ ಕಡಿದರೂ ಬರೆಯೋದು, ಕಲಿಯೋದು ನಿಲ್ಲೋದಿಲ್ಲ. ದೂರದ ಡೇಟಾ ಸೆಂಟರಿನಲ್ಲಿದ್ದರೆ ನಿರ್ವಹಣೆ ಸುಲಭ, ಆದರೆ ತಂತಿ ಕಡಿದ ದಿನ 20 ಪರದೆಯೂ ಕಪ್ಪು. ಊರಲ್ಲಿದ್ದರೂ ಅದೊಂದೇ ಯಂತ್ರ ಕೆಟ್ಟರೆ ಲ್ಯಾಬೇ ನಿಲ್ಲುತ್ತದೆ. ಅದಕ್ಕೆ ದಿನವೂ ಬ್ಯಾಕಪ್, ಬದಲಿ ಡಿಸ್ಕ್ ಬೇಕು, ಊರಿನ ಇಬ್ಬರಿಗಾದರೂ ತರಬೇತಿ ಬೇಕು.

ಮುಂದಿನ ಗ್ರಾಮಸಭೆಯಲ್ಲಿ ಅಥವಾ ಎಸ್‌ಡಿಎಂಸಿ ಸಭೆಯಲ್ಲಿ ನಾಲ್ಕೇ ಪ್ರಶ್ನೆ ಕೇಳಿ: ಸರ್ವರ್ ಎಲ್ಲಿದೆ? ಲೈಸೆನ್ಸ್ ಯಾವಾಗ ಮುಗಿಯುತ್ತದೆ? ಅಡ್ಮಿನ್ ಪಾಸ್‌ವರ್ಡ್ ಗುತ್ತಿಗೆದಾರನ ಬಳಿ ಇದೆಯೋ, ಊರಿನ ಬಳಿಯೋ? ಕೆಟ್ಟರೆ ಎಷ್ಟು ದಿನದಲ್ಲಿ ರಿಪೇರಿ? ಉತ್ತರ ಬರಹದಲ್ಲಿರಲಿ. 'ಸರ್ವರ್ ಡೌನ್ ಐತ್ರಿ' ಅನ್ನೋದನ್ನೇ ಉತ್ತರ ಅಂತ ಒಪ್ಪಬೇಡಿ.