ಅಂಗಮಾರಿಯನ್ನು ಕರೆದು ಕೂರಿಸಿದ ಹೊಲ

ಹಾಸನದ ಕಡೆಯವರಿಗೆ ಅಂಗಮಾರಿ ರೋಗ ಅಂದರೆ ಏನು ಅಂತ ವಿವರಿಸಬೇಕಿಲ್ಲ. ನಾಲ್ಕು ದಿನ ಮೋಡ ಮುಸುಕಿ ಜಡಿಮಳೆ ಹಿಡಿದರೆ ಸಾಕು, ಆಲೂಗೆಡ್ಡೆ ಎಲೆಗಳ ಮೇಲೆ ಕಂದು ಮಚ್ಚೆ ಏಳುತ್ತದೆ. ನೋಡನೋಡುತ್ತಿದ್ದಂತೆ ಇಡೀ ಹೊಲ ಬೆಂಕಿ ಬಿದ್ದ ಹಾಗೆ ಕಪ್ಪಾಗುತ್ತದೆ. 1845ರಲ್ಲಿ ಐರ್ಲೆಂಡಿಗೆ ಬಂದು, ಮುಂದಿನ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸಾಯಲು ಕಾರಣವಾದದ್ದೂ ಇದೇ ರೋಗ. ಆ ಕಥೆಯನ್ನು ನೀವೆಲ್ಲ ಓದಿಯೇ ಇರುತ್ತೀರಿ. ಅದಾಗಿ ನೂರು ವರ್ಷಕ್ಕೆ ಮೆಕ್ಸಿಕೋದಲ್ಲಿ ನಡೆದ ಇನ್ನೊಂದು ಕಥೆಯನ್ನು ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ.

1943ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನ ಮೆಕ್ಸಿಕೋ ಸರ್ಕಾರದ ಜೊತೆ ಸೇರಿ ಕೃಷಿ ಸಂಶೋಧನೆ ಶುರುಮಾಡಿತು. ಗೋಧಿಯ ನಾರ್ಮನ್ ಬೋರ್ಲಾಗ್ ಹೆಸರು ಮಾಡಿದ್ದು ಇಲ್ಲೇ. ಅದೇ ತಂಡದಲ್ಲಿ ಆಲೂಗೆಡ್ಡೆಯ ಹಿಂದೆ ಬಿದ್ದವರು ಜಾನ್ ನೀಡರ್‌ಹೌಸರ್ ಅನ್ನುವ ಸಸ್ಯರೋಗ ತಜ್ಞರು. ಅವರ ಪ್ರಯೋಗ ನಡೆದದ್ದು ತೊಲೂಕಾ ಕಣಿವೆಯಲ್ಲಿ. ಸಮುದ್ರ ಮಟ್ಟದಿಂದ ಸುಮಾರು 2600 ಮೀಟರ್ ಎತ್ತರ, ತಂಪು ಹವೆ, ಬೇಸಿಗೆಯಲ್ಲೇ ಮಳೆ. ಅಂಗಮಾರಿಗೆ ಇದು ತವರುಮನೆ ಇದ್ದ ಹಾಗೆ, ಪ್ರತಿ ವರ್ಷ ತಪ್ಪದೆ ಬರುತ್ತದೆ. ಬೇರೆ ಕಡೆ ತಳಿಯನ್ನು ಪರೀಕ್ಷಿಸಬೇಕಾದರೆ ರೋಗ ಬರಲಿ ಅಂತ ಕಾಯಬೇಕು. ಇಲ್ಲಿ ಔಷಧಿ ಹೊಡೆಯದೆ ಸುಮ್ಮನಿದ್ದರೆ ಆಯಿತು!

ಆ ಕಾಲದ ತಳಿ ವಿಜ್ಞಾನಿಗಳೆಲ್ಲ ನಂಬಿದ್ದು ಮೆಕ್ಸಿಕೋದ ಕಾಡು ಆಲೂಗೆಡ್ಡೆ ಸೊಲಾನಮ್ ಡೆಮಿಸಮ್ ಅನ್ನು. ಅದರ ಒಂದೊಂದೇ ಜೀನ್ ಊರ ಬೆಳೆಗೆ ಸೇರಿಸಿದರೆ ಗಿಡಕ್ಕೆ ರೋಗ ತಾಗುವುದೇ ಇಲ್ಲ ಅನ್ನುವ ಲೆಕ್ಕ. ತೊಲೂಕಾದಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಒಂದು ಜೀನ್ ಅಂದರೆ ಬಾಗಿಲಿಗೆ ಒಂದು ಬೀಗ. ರೋಗಾಣುವಿನ ಗುಂಪಿನಲ್ಲಿ ಆ ಬೀಗಕ್ಕೆ ಕಳ್ಳಕೀಲಿ ಇಟ್ಟುಕೊಂಡವನು ಒಬ್ಬನಿದ್ದರೂ ಸಾಕು. ತೊಲೂಕಾದಲ್ಲಂತೂ ಎಲ್ಲ ಬಗೆಯ ಕಳ್ಳರೂ ಇದ್ದರು. ಕಾರಣ 1950ರ ದಶಕದಲ್ಲಿ ತಿಳಿಯಿತು. ಈ ರೋಗಾಣುವಿನಲ್ಲಿ ಎ1, ಎ2 ಅಂತ ಎರಡು ಜಾತಿ. ಜಗತ್ತಿನ ಉಳಿದ ಕಡೆ ಆಗ ಕಂಡಿದ್ದು ಎ1 ಒಂದೇ. ಇಲ್ಲಿ ಎರಡೂ ಕೂಡಿ ಹೊಸ ಹೊಸ ಸಂತಾನ ಹುಟ್ಟುತ್ತಿತ್ತು.

ಹಾಗಾಗಿ ನೀಡರ್‌ಹೌಸರ್ ದಾರಿ ಬದಲಿಸಿದರು. ಒಂದೂ ಮಚ್ಚೆ ಇಲ್ಲದ ಗಿಡದ ಬೆನ್ನು ಬಿಟ್ಟು, ಮಚ್ಚೆ ಬಂದರೂ ತಡವಾಗಿ, ನಿಧಾನವಾಗಿ ಹರಡುವ ಗಿಡ ಆರಿಸಿದರು. ಎಲೆ ಬಾಡುವ ಹೊತ್ತಿಗೆ ನೆಲದೊಳಗೆ ಗಡ್ಡೆ ತುಂಬಿರುತ್ತದೆ. ಸಾಲ ಮಾಡಿ ಔಷಧಿ ಹೊಡೆಯಲಾಗದ ಸಣ್ಣ ರೈತನಿಗೆ ಬೇಕಾದ್ದೂ ಇದೇ ತಾನೆ? ಅತ್ಸಿಂಬಾದಂಥ ತಳಿಗಳು ಈ ದಾರಿಯಲ್ಲಿ ಬಂದವು. ಬೇರೆ ಬೇರೆ ದೇಶದವರು ತಮ್ಮ ತಳಿಗಳನ್ನು ತೊಲೂಕಾಕ್ಕೆ ಕಳಿಸಿ ಪರೀಕ್ಷೆ ಮಾಡಿಸಿಕೊಂಡರು. 1990ರಲ್ಲಿ ನೀಡರ್‌ಹೌಸರ್ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಸಿಕ್ಕಿತು.

ಇಲ್ಲಿಂದ ನಮ್ಮ ಹಾಸನಕ್ಕೆ ಬನ್ನಿ. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಜ್ಯೋತಿಯ ರೋಗನಿರೋಧಕ ಶಕ್ತಿಯೂ ಅದೇ ಮೆಕ್ಸಿಕೋ ಕಾಡುಗೆಡ್ಡೆಯ ಬಳುವಳಿ. ಬೀಗ ಇಲ್ಲೂ ಮುರಿಯಿತು. ಆದರೆ ರೈತರು ಜ್ಯೋತಿಯನ್ನು ಬಿಡಲಿಲ್ಲ. ಯಾಕೆ ಬಿಡಬೇಕು? ಪೇಟೆಯಲ್ಲಿ ಕೇಳುವುದು ಅದನ್ನೇ, ಜಲಂಧರದಿಂದ ಲಾರಿಯಲ್ಲಿ ಬರುವ ಬಿತ್ತನೆಯೂ ಅದೇ. 2000ದ ದಶಕದ ಕೊನೆಗೆ ಎ2 ಜಾತಿಯ ಉಗ್ರ ತಳಿಯೊಂದು ದಕ್ಷಿಣ ಭಾರತದ ಟೊಮೆಟೊ, ಆಲೂಗೆಡ್ಡೆ ಹೊಲಗಳಿಗೂ ಬಂತು. ಅಂಗಮಾರಿ ತಡೆಯುವ ಕುಫ್ರಿ ಹಿಮಾಲಿನಿ 2006ರಲ್ಲೇ ಬಿಡುಗಡೆಯಾಗಿತ್ತು ಅನ್ನುವುದನ್ನೂ ನೆನಪಿಡಿ.

ನನಗನ್ನಿಸುವುದು ಇಷ್ಟು. ಪ್ರಯೋಗದ ಹೊಲದಲ್ಲಿ ಪಾಸಾದ ತಳಿ ಅರ್ಧ ದಾರಿ ಬಂದ ಹಾಗೆ. ಅದರ ಬಿತ್ತನೆ ಗಡ್ಡೆ ಎರಡೆಕರೆಯವನ ಕೈಗೆ ಹೊತ್ತಿಗೆ ಸರಿಯಾಗಿ ಸಿಗಬೇಕು, ಮಂಡಿಯವನು ಒಳ್ಳೆ ದರಕ್ಕೆ ಕೊಳ್ಳಬೇಕು. ಈ ಉಳಿದರ್ಧ ದಾರಿ ತೋರಿಸಲು ಯಾವ ತೊಲೂಕಾ ಇದೆ? ನಿಮ್ಮ ಕಡೆ ಆಲೂಗೆಡ್ಡೆ ಬೆಳೆಯುವವರಿದ್ದರೆ ಅವರು ಏನಂತಾರೆ, ಕೇಳಿ ಬರೆಯಿರಿ.