ಕೆನಡಾ ವಲಸೆ: ಮನೆಸಾಮಾನು ಮತ್ತು ಕಾರಿನ ಸಾಗಣೆ

ಅಮೆರಿಕ ಬಿಟ್ಟು ಕೆನಡಾದಲ್ಲಿ ನೆಲೆಸಲು ಹೋಗುವವರು ತಮ್ಮ ಮನೆಸಾಮಾನು, ವಾಹನಗಳನ್ನು ಗಡಿ ದಾಟಿಸುವ ಕ್ರಮ. ಎಚ್-1ಬಿ ವೀಸಾದಲ್ಲಿ ದುಡಿದು, ಗ್ರೀನ್ ಕಾರ್ಡಿಗೆ ಕಾದು, ಕೊನೆಗೆ ಕೆನಡಾದ ಕಾಯಂ ವಾಸ ಪಡೆಯುವ ಭಾರತೀಯರಿಗೆ, ಅವರಲ್ಲಿ ಕನ್ನಡಿಗರಿಗೂ, ಇದು ಪರಿಚಿತ ದಾರಿ.

ಸಾಮಾನು: ಕೆನಡಾದ ಸುಂಕಪಟ್ಟಿಯ 9807.00.00 ಬಾಬಿನಡಿ ವಲಸಿಗರ ಸ್ವಂತ ಬಳಕೆಯ ವಸ್ತುಗಳಿಗೆ ಸುಂಕವಿಲ್ಲ. ವಲಸಿಗರು ಕೆನಡಾಕ್ಕೆ ಬರುವ ಮೊದಲೇ ಅವು ಅವರ ಒಡೆತನದಲ್ಲಿದ್ದು, ಕೈವಶವಿದ್ದು, ಬಳಕೆಯಾಗಿರಬೇಕು. ಲೀಸಿಗೆ ಪಡೆದದ್ದು ಸೇರದು. 12 ತಿಂಗಳೊಳಗೆ ಮಾರಿದರೆ ಸುಂಕ ಬೀಳುತ್ತದೆ. ಆಮೇಲೆ ಬರಲಿರುವ ವಸ್ತುಗಳನ್ನೂ ಮೊದಲ ಪ್ರವೇಶದಲ್ಲೇ ಬಿಎಸ್‌ಎಫ್186 (ಹಿಂದಿನ ಬಿ4) ನಮೂನೆಯಲ್ಲಿ ಬರೆಸಬೇಕು. ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಮಹತ್ವದ ಕಾಗದ ಇದೇ. ಒಡವೆಗಳಿಗೆ ಫೋಟೊ, ಬೆಲೆಪತ್ರ ಜೊತೆಗಿರುವುದು ಕ್ಷೇಮ.

ಕಾರು: ಸುಂಕ ಮಾಫಿಯಾದ ಕಾರಿಗೆ ರಸ್ತೆಗಿಳಿಯುವ ಅರ್ಹತೆ ತಾನಾಗಿ ಬರುವುದಿಲ್ಲ, ಅದನ್ನು ನಿರ್ಧರಿಸುವುದು ವಾಹನ ಸುರಕ್ಷತಾ ಕಾನೂನು. ಇದರ ಹಿನ್ನೆಲೆ ತುಸು ವಿವರಕ್ಕೆ ಅರ್ಹ. ಹಳೆಯ ಕಾರುಗಳ ಆಮದಿಗೆ ಕೆನಡಾ ಬಹುಕಾಲ ನಿರ್ಬಂಧ ಹೇರಿತ್ತು. 1989ರಲ್ಲಿ ಜಾರಿಗೆ ಬಂದ ಕೆನಡಾ–ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದದಂತೆ ಅಮೆರಿಕದ ಕಾರುಗಳ ಮಟ್ಟಿಗೆ ಅದು ಹಂತಹಂತವಾಗಿ ಸಡಿಲಗೊಂಡು 1994ಕ್ಕೆ ಕೊನೆಗೊಂಡಿತು. ಸುರಕ್ಷತಾ ಮಾನದಂಡಗಳು ಮಾತ್ರ ಬೇರೆಬೇರೆಯಾಗಿಯೇ ಉಳಿದವು. 1989ರ ಡಿಸೆಂಬರ್‌ನಿಂದ ತಯಾರಾದ ಕಾರುಗಳಿಗೆ ಹಗಲಲ್ಲೂ ಉರಿಯುವ ದೀಪವನ್ನು, 2007ರ ಸೆಪ್ಟೆಂಬರ್‌ನಿಂದ ತಯಾರಾದವುಗಳಿಗೆ ಕಳವು ತಡೆಯುವ ಇಮ್ಮೊಬಿಲೈಸರನ್ನು ಕೆನಡಾ ಕಡ್ಡಾಯ ಮಾಡಿತು. ಅಮೆರಿಕದಲ್ಲಿ ಇವೆರಡೂ ಕಡ್ಡಾಯವಲ್ಲ. ಹೀಗಾಗಿ ಮಾದರಿ ಒಂದೇ ಆದರೂ ದಕ್ಷಿಣದಲ್ಲಿ ಕೊಂಡ ಕಾರು ಉತ್ತರದಲ್ಲಿ ಒಪ್ಪಿಗೆಯಾಗದಿರಬಹುದು. ಹೊರಡುವ ಮೊದಲೇ ಟ್ರಾನ್ಸ್‌ಪೋರ್ಟ್ ಕೆನಡಾ ಇಲಾಖೆಯ, ಆಮದಿಗೆ ಅರ್ಹವಾದ ಕಾರುಗಳ ಪಟ್ಟಿಯನ್ನು ನೋಡಿ, ತಯಾರಕರಿಂದ ರೀಕಾಲ್ ಬಾಕಿಯಿಲ್ಲವೆಂಬ ಪತ್ರ ಪಡೆಯಬೇಕು. ಗಡಿ ದಾಟಿದ ಮೇಲೆ ಆಮದು ವಾಹನಗಳ ನೋಂದಣಿ ಸಂಸ್ಥೆಯಾದ ಆರ್‌ಐವಿಯ ತಪಾಸಣೆಗೆ ಸಾಮಾನ್ಯವಾಗಿ 45 ದಿನಗಳ ಗಡುವು. 15 ವರ್ಷ ದಾಟಿದ ಕಾರಿಗೆ ಆರ್‌ಐವಿ ಬೇಡ. ಆದರೆ ಪ್ರಾಂತ್ಯದ ತಪಾಸಣೆ ತಪ್ಪದು. ಭಾರತದ ಮಾರುಕಟ್ಟೆಗೆಂದು ತಯಾರಾದ ಕಾರನ್ನು ಬೆಂಗಳೂರಿನಿಂದ ತರುವುದಾದರೂ ಅದಕ್ಕೆ 15 ವರ್ಷ ತುಂಬಿರಬೇಕು.

ಅಮೆರಿಕದ ಕಡೆ: ರಫ್ತಿನ ಮಾಹಿತಿಯನ್ನು ಆನ್‌ಲೈನಿನಲ್ಲಿ ಸಲ್ಲಿಸಿ, ಕಾರಿನ ಮೂಲ ಟೈಟಲ್ (ಒಡೆತನದ ಪತ್ರ) ಇತ್ಯಾದಿ ದಾಖಲೆಗಳನ್ನು ದಾಟುವ ಗಡಿಠಾಣೆಗೆ ಕನಿಷ್ಠ 72 ಗಂಟೆ ಮೊದಲೇ ತಲುಪಿಸಬೇಕು. ಸಾಲ ತೀರದ ಕಾರಿಗೆ ಸಾಲ ಕೊಟ್ಟವರ ಒಪ್ಪಿಗೆಪತ್ರ ಬೇಕು. ಗಡಿ ಹಗಲಿರುಳು ತೆರೆದಿದ್ದರೂ ವಾಹನ ರಫ್ತಿನ ಕಚೇರಿ ಅನೇಕ ಕಡೆ ವಾರದ ದಿನಗಳಲ್ಲಿ ಮಾತ್ರ ತೆರೆದಿರುತ್ತದೆ.